ಗಿರಣಿ ನಡೆಯುವಾಗ ಹಾಡಿದವಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸುಳ್ಯದ ನಮ್ಮ ಮನೆಯ ಮಹಡಿಯಲ್ಲಿ ಮೂವರು ಯುವಕರು ಒಂದು ಪ್ಲೇಟಿಗಾಗಿ ಕಾಯುತ್ತಿದ್ದರು. ಗ್ರಾಮಾಫೋನ್ ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ಅದು ಇಂಗ್ಲೆಂಡಿನಲ್ಲಿ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಆದರೆ ಅದು ಹೇಗಿದೆ, ಎಷ್ಟು ಶ್ರೇಷ್ಠ, ಯಾರಿಗೆಲ್ಲ ಅರ್ಥವಾಗುವುದಿಲ್ಲ ಎಂಬುದೆಲ್ಲ ನಮ್ಮ ಮಹಡಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇವರು ಕೂಸಿನ ಮದುವೆಯನ್ನೂ ಮಾಡಿ ಮುಗಿಸಿದ್ದರು.

ಮೂವರಲ್ಲಿ ಒಬ್ಬ ನನ್ನ ಅಣ್ಣ. ಪುತ್ತೂರಿನ ಕಾಲೇಜಿನಲ್ಲಿ ಬಿಎಸ್ಸಿ, ಅದೂ ಫಿಸಿಕ್ಸು. ಈ ಫಿಸಿಕ್ಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇನ್ನೊಬ್ಬ ಪುತ್ತೂರಿನ ವಕೀಲರ ಮಗ, ಅಣ್ಣನ ಕ್ಲಾಸಿನವನು. ಎಲ್ಲ ವಿಷಯಕ್ಕೂ ತೀರ್ಪು ಕೊಡುವುದು ಅವನಿಗೆ ರಕ್ತದಲ್ಲೇ ಬಂದಿತ್ತು. ನಾನು ಮನಸ್ಸಿನಲ್ಲೇ ಅವನನ್ನು ಅಧ್ಯಕ್ಷ ಎಂದು ಕರೆಯುತ್ತಿದ್ದೆ. ಮೂರನೆಯವನು ಕಡಬದ ಆಚೆಯ ಹುಡುಗ, ಕೇರಳದಿಂದ ಬಂದು ರಬ್ಬರು ಹಾಕಿದ ಕ್ರಿಶ್ಚಿಯನ್ ಮನೆಯವನು. ಅವನು ಚರ್ಚಿನಲ್ಲಿ ಹಾಡುತ್ತಿದ್ದ, ಅಷ್ಟಿಷ್ಟು ಸಂಗೀತ ಬರುತ್ತಿತ್ತು, ಆದ್ದರಿಂದ ಮಾತು ಕಡಿಮೆ. ಆದರೆ ಅವನ ಚಿಕ್ಕಪ್ಪ ಹಡಗಿನಲ್ಲಿ ಕೆಲಸಕ್ಕಿದ್ದರು. ಸಂಘದಲ್ಲಿ ಅವನಿಗೆ ಜಾಗ ಸಿಕ್ಕಿದ್ದು ಹಾಡಿನಿಂದಲ್ಲ, ಆ ಚಿಕ್ಕಪ್ಪನಿಂದ.

ಸಂಘಕ್ಕೆ ಹೆಸರಿರಲಿಲ್ಲ, ನಿಯಮಗಳು ಮಾತ್ರ ಇದ್ದವು. ಮುಖ್ಯ ನಿಯಮವೆಂದರೆ ಎಲ್ಲರೂ ಕೇಳುವುದನ್ನು ತಾವು ಕೇಳಬಾರದು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಿನಿಮಾ ಹಾಡು ಹಾಕಿದರೆ ಇವರು ಅರ್ಧ ಚಾ ಬಿಟ್ಟು ಎದ್ದು ಬರುತ್ತಿದ್ದರು. ಗೋಳಿಬಜೆ ಹೇಳಿಯಾಗಿದ್ದರೆ ಮಾತ್ರ ಅದು ಬರುವ ತನಕ ಸಹಿಸಿಕೊಂಡು ಕೂರುತ್ತಿದ್ದರಂತೆ. ಇಂಗ್ಲಿಷ್ ಹಾಡೇ ಆದರೂ ಮಂಗಳೂರಿನ ಅಂಗಡಿಯಲ್ಲಿ ಸಿಗುವಂಥದ್ದು ಕೀಳು. ಯಾರಿಗೂ ಸಿಗದ್ದು ಮೇಲು. ತಮಗೂ ಸಿಗದ್ದು ಎಲ್ಲಕ್ಕಿಂತ ಮೇಲು. ಹೀಗಾಗಿ ಅವರು ತಲೆಯ ಮೇಲೆ ಹೊತ್ತುಕೊಂಡಿದ್ದ ಹಾಡುಗಳಲ್ಲಿ ಹೆಚ್ಚಿನವನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

ಈ ಮೂವರ ಮನೆದೇವರು ಇಂಗ್ಲೆಂಡಿನ ಒಬ್ಬ ಹೆಂಗಸು. ದೊಡ್ಡ ಕಂಪೆನಿಗಳಿಗೆ ಸೊಪ್ಪು ಹಾಕದೆ ಯಾವುದೋ ಸಣ್ಣ ಕಂಪೆನಿಯಲ್ಲಿ ಪ್ಲೇಟು ಮಾಡಿಸುವವಳು. ಅವಳ ಹಳೆಯ ಹಾಡುಗಳನ್ನು ಶಾರ್ಟ್‌ವೇವ್ ರೇಡಿಯೋದ ಕರಕರದ ನಡುವೆ ತುಂಡು ತುಂಡಾಗಿ ಕೇಳಿದ್ದರು. ಹೊಸ ಪ್ಲೇಟು ಬರಲಿದೆ ಎಂಬ ಸುದ್ದಿ ಅಧ್ಯಕ್ಷನ ಮನೆಗೆ ಯಾರೋ ತಂದುಹಾಕಿದ ವಿದೇಶೀ ಪತ್ರಿಕೆಯೊಂದರ ಮೂಲೆಯಲ್ಲಿ ಸಿಕ್ಕಿತು. ನಾಲ್ಕೇ ಸಾಲು. ಅದರ ಮೇಲೆ ಒಂದು ಮಳೆಗಾಲ ಪೂರ್ತಿ ಮಾತಾಡಿದರು. ಅಧ್ಯಕ್ಷನಂತೂ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಆ ಪ್ಲೇಟಿನ ವಿಮರ್ಶೆಯನ್ನೇ ಬರೆದು ಅಂಟಿಸಿಬಿಟ್ಟ. ಎರಡನೆಯ ಬದಿ ಮೊದಲನೆಯದಕ್ಕಿಂತ ಗಂಭೀರವಾಗಿದೆ ಎಂದು ಅದರಲ್ಲಿ ಬರೆದಿತ್ತಂತೆ. ಕೇಳದೆ ಹೇಗೆ ಬರೆದದ್ದು ಎಂದು ನಾನು ಅಣ್ಣನನ್ನು ಕೇಳಿದೆ. ಕೇಳಿ ಬರೆಯುವುದು ಯಾರಿಂದಲೂ ಆಗುತ್ತದೆ ಎಂದ.

ನಾನು ಸುಳ್ಯದಲ್ಲೇ ಪಿಯುಸಿಗೆ ಹೋಗುತ್ತಿದ್ದೆ. ಸಂಘದ ಬಾಗಿಲಿನ ತನಕ ಚಾ ತಲುಪಿಸುವುದು ನನ್ನ ಕೆಲಸ, ಬಾಗಿಲಿನಿಂದ ಒಳಗೆ ಪ್ರವೇಶವಿಲ್ಲ. ಈ ಸಂಗೀತ ಹುಡುಗಿಯರಿಗೆ ಹಿಡಿಸುವಂಥದ್ದಲ್ಲ ಎಂದು ಅಧ್ಯಕ್ಷ ಹೇಳುತ್ತಿದ್ದ. ಹೇಳುತ್ತಿದ್ದುದು ಒಬ್ಬ ಹೆಂಗಸು ಹಾಡಿದ ಹಾಡಿನ ಬಗ್ಗೆ. ಚಾದಲ್ಲಿ ಸಕ್ಕರೆ ಬದಲು ಉಪ್ಪು ಹಾಕುವಷ್ಟು ಸಿಟ್ಟು ಬರುತ್ತಿತ್ತು. ಒಂದು ಸಲ ಹಾಕಿಯೂ ನೋಡಿದೆ. ಮಾತಿನ ಭರದಲ್ಲಿ ಕುಡಿದುಬಿಟ್ಟರು, ಪುಣ್ಯಾತ್ಮರು.

ಆದರೆ ನನ್ನ ನಿಜವಾದ ಸಂಕಟ ಬೇರೆ ಇತ್ತು. ನನ್ನ ಸ್ವರ ದಪ್ಪ. ಹನ್ನೆರಡು ಹದಿಮೂರರ ಪ್ರಾಯದಲ್ಲೇ ಇಳಿದದ್ದು ಮತ್ತೆ ಮೇಲೆ ಬರಲೇ ಇಲ್ಲ. ಶಾಲೆಯಲ್ಲಿ ಭಜನೆ ಕಲಿಸುವ ಟೀಚರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, ಬಾಯಿ ಆಡಿಸಿದರೆ ಸಾಕು, ಸ್ವರ ಬೇಡ ಎಂದಿದ್ದರು. ಕೆಳಗಿನಿಂದ ಯಾರಾದರೂ ಕೂಗಿ ನಾನು ಓಗೊಟ್ಟರೆ, ಅಪ್ಪ ಇಲ್ವಾ ತಮ್ಮಾ ಎಂದು ಕೇಳುತ್ತಿದ್ದರು. ಹೆಣ್ಣು ನೋಡಲಿಕ್ಕೆ ಬರುವವರ ಮುಂದೆ ಹೀಗೆ ಮಾತಾಡಿದರೆ ಅವರು ಬಂದ ದಾರಿಗೆ ಸುಂಕವಿಲ್ಲ ಎಂದು ಹೋಗುತ್ತಾರೆ, ಸ್ವಲ್ಪ ಸಣ್ಣ ಮಾಡಿ ಮಾತಾಡು ಎಂದು ಅಮ್ಮ ದಿನಾ ಹೇಳುತ್ತಿದ್ದರು. ನನಗೋ ಹಾಡುವ ಹುಚ್ಚು. ಸ್ಟೇಜಿನ ಮೇಲೆ ನಿಂತು ಒಂದು ಸಲ ಬಾಯಿಬಿಟ್ಟು ಹಾಡಬೇಕು, ಅದೂ ನನ್ನದೇ ಸ್ವರದಲ್ಲಿ. ಅದೊಂದೇ ಆಸೆ. ಅದನ್ನು ಯಾರಲ್ಲಿ ಹೇಳುವುದು?

ನಮ್ಮದು ಹಿಟ್ಟಿನ ಗಿರಣಿ. ಕೆಳಗೆ ಮಿಲ್ಲು, ಮೇಲೆ ಮನೆ. ಅಕ್ಕಿ, ಗೋಧಿ, ಮೆಣಸು, ಅರಸಿನ ಎಲ್ಲವನ್ನೂ ಅಪ್ಪನೇ ಹುಡಿ ಮಾಡಿಕೊಡುತ್ತಿದ್ದರು. ಮಿಲ್ಲು ಚಾಲೂ ಆದರೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬಲ್ಬು ಕೆಂಪಗಾಗುತ್ತಿತ್ತು, ಫ್ಯಾನು ಒಂದೊಂದೇ ರೆಕ್ಕೆ ಎಣಿಸುವಷ್ಟು ಮೆಲ್ಲಗೆ ತಿರುಗುತ್ತಿತ್ತು. ನಮಗೆ ಅದು ಅಭ್ಯಾಸವಾಗಿತ್ತು. ಮನೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಅರಂತೋಡಿನ ಆಚೆ, ಮಡಿಕೇರಿ ಕಡೆಗೆ, ಯಾವುದೋ ಎಸ್ಟೇಟಿನ ಸಾಮಾನು ಹರಾಜಾದಾಗ ಅಪ್ಪ ತಂದದ್ದು. ಅಮ್ಮ ಅದರಲ್ಲಿ ಭಜನೆಯ ಪ್ಲೇಟುಗಳನ್ನು ಹಾಕುತ್ತಿದ್ದರು, ಸಂಜೆ ಮಿಲ್ಲು ಮುಚ್ಚಿದ ಮೇಲೆ. ಸಂಘ ನಮ್ಮ ಮಹಡಿಯಲ್ಲಿ ಸೇರಲು ಕಾರಣ ಈ ಪ್ಲೇಯರ್. ಮೂವರ ಮನೆಗಳಲ್ಲಿ ಬೇರೆ ಎಲ್ಲೂ ಅದು ಇರಲಿಲ್ಲ.

ಏಪ್ರಿಲ್‌ನಲ್ಲಿ ಕಡಬದವನ ಚಿಕ್ಕಪ್ಪ ರಜೆಯಲ್ಲಿ ಬರುತ್ತಾರೆ, ಪ್ಲೇಟು ಸಿಕ್ಕಿದೆ ಎಂಬ ಸುದ್ದಿ ಬಂತು. ಹಡಗು ಮದರಾಸಿನಲ್ಲಿ ನಿಂತಿತ್ತು. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ರೈಲಿನಲ್ಲಿ ನೆಟ್ಟಣ. ಮೂವರೂ ಬೆಳಿಗ್ಗೆಯೇ ನೆಟ್ಟಣ ಸ್ಟೇಷನ್ನಿಗೆ ಹೋಗಿ ನಿಂತರು. ಮಂತ್ರಿಗಳು ಬರುವುದಕ್ಕೆ ಕಾಯುವ ಹಾಗೆ ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತಿದ್ದರು ಎಂದು ಆಮೇಲೆ ಅಣ್ಣನೇ ಹೆಮ್ಮೆಯಿಂದ ಹೇಳಿದ. ಚಿಕ್ಕಪ್ಪ ಇಳಿದು, ಟ್ರಂಕು ಇವರ ತಲೆಗೆ ಹೊರಿಸಿ, ಲುಂಗಿಯಲ್ಲಿ ಸುತ್ತಿದ್ದ ಪ್ಲೇಟನ್ನು ತೆಗೆದು ಕೊಟ್ಟರು. ಕವರಿನ ಮೇಲೆ ಆ ಹೆಂಗಸು ಮುಖ ಸಿಂಡರಿಸಿಕೊಂಡು ಕೂತಿದ್ದಳು. ಚಿಕ್ಕಪ್ಪ ಅದನ್ನು ನೋಡಿ, ಇವಳ ಮನೆಯಲ್ಲಿ ಯಾರಾದರೂ ತೀರಿಹೋಗಿದ್ದಾರಾ ಎಂದು ಕೇಳಿದರಂತೆ. ಅವರು ಸ್ವತಃ ಕೇಳುತ್ತಿದ್ದುದು ಮಲಯಾಳಂ ಸಿನಿಮಾ ಹಾಡು. ಆದರೆ ಒಂದು ಷರತ್ತು ಹಾಕಿದರು. ಸಿಕ್ಕಿದ್ದು ಒಂದೇ ಪ್ಲೇಟು, ಅದನ್ನು ಹಡಗಿನಲ್ಲಿ ಜೊತೆಗಿದ್ದ ಮಂಗಳೂರಿನ ಗೆಳೆಯನಿಗೆ ಕೊಡುವುದಾಗಿ ಮೊದಲೇ ಮಾತಾಗಿದೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಅದು ಹೋಗಬೇಕು. ಇವರಿಗೆ ಉಳಿದದ್ದು ಆ ಒಂದು ಮಧ್ಯಾಹ್ನ.

ಮಧ್ಯಾಹ್ನ ಮನೆಗೆ ಬಂದರೆ ಕೆಳಗೆ ಮಿಲ್ಲಿನ ಮುಂದೆ ರಸ್ತೆಯ ತನಕ ಜನ. ಬಿಸು, ಅಂದರೆ ನಮ್ಮ ಕಡೆಯ ಯುಗಾದಿ ಹಬ್ಬದ ಹಿಂದಿನ ದಿನ. ಸಂಜೆಯ ತನಕ ಕಾಯುವಂತೆಯೂ ಇಲ್ಲ, ಕಡಬಕ್ಕೆ ಕಡೆಯ ಬಸ್ಸು ತಪ್ಪುತ್ತದೆ. ಅಣ್ಣ ಕೆಳಗೆ ಹೋಗಿ, ಒಂದು ಗಂಟೆ ಮಿಲ್ಲು ನಿಲ್ಲಿಸಲಿಕ್ಕಾಗುತ್ತದೋ ಎಂದು ಅಪ್ಪನಲ್ಲಿ ಕೇಳಿದ. ಅಪ್ಪ ತಲೆಯಿಂದ ಕಾಲಿನ ತನಕ ಹಿಟ್ಟಾಗಿ ನಿಂತಿದ್ದರು.

"ಎಂತಕ್ಕೆ ನಿಲ್ಲಿಸುದು? ಆ ಹೆಂಗಸಿಗೆ ಹಾಡ್ಲಿಕ್ಕಾ? ಅವಳು ಬಂದು ಇವರಿಗೆಲ್ಲ ಕಡುಬಿಗೆ ಅಕ್ಕಿ ಹುಡಿ ಮಾಡಿ ಕೊಡ್ತಾಳಾ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅಣ್ಣ ಕಿವಿ ಕೆಂಪು ಮಾಡಿಕೊಂಡು ಮೇಲೆ ಬಂದ. ಆಗ ಅಧ್ಯಕ್ಷ ಒಂದು ಉಪಾಯ ಹೇಳಿದ. ಪ್ಲೇಯರಿನಿಂದ ಅಣ್ಣನ ಟೇಪ್ ರೆಕಾರ್ಡರಿಗೆ ನೇರ ವಯರು ಕೊಟ್ಟರೆ ಮಿಲ್ಲಿನ ಗಲಾಟೆ ಟೇಪಿಗೆ ಹೋಗುವುದಿಲ್ಲ. ಈ ಗದ್ದಲದಲ್ಲಿ ಅಂಥ ಸಂಗೀತವನ್ನು ಮೊದಲ ಸಲ ಕೇಳುವುದು ಪಾಪ, ಹಾಗಾಗಿ ಸ್ಪೀಕರ್ ಪೂರ್ತಿ ಬಂದ್ ಮಾಡುವುದು. ಸಂಜೆ ಶಾಂತವಾದ ಮೇಲೆ ಕ್ಯಾಸೆಟ್ಟಿನಲ್ಲಿ ನಿಧಾನವಾಗಿ ಕೇಳುವುದು. ಇನ್ನೊಂದು ಜಾಗ್ರತೆಯನ್ನೂ ಅವನೇ ಹೇಳಿದ. ಸುಳ್ಯದ ಕರೆಂಟನ್ನು ನಂಬಬಾರದು, ಟೇಪಿಗೆ ಹೊಸ ಸೆಲ್ಲು ಹಾಕುವ. ಸೆಲ್ಲಿಗೆ ದುಡ್ಡು ಕೇಳಲು ಹೋದಾಗ ಅಪ್ಪ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಗೊಣಗಿದರು. ಗಿರಣಿಯವನ ಮಗನಿಗೆ ಆ ಗಾದೆ ಸ್ವಲ್ಪ ಹೆಚ್ಚೇ ತಾಗಿತು. ಪ್ಲೇಟು ಮಾತ್ರ ಕರೆಂಟಿನಲ್ಲೇ ತಿರುಗಬೇಕಿತ್ತು, ಅದಕ್ಕೆ ಬೇರೆ ದಾರಿ ಇರಲಿಲ್ಲ. ಬಲ್ಬು ಕೆಂಪಗೆ ಉರಿಯುತ್ತಿತ್ತು. ಕೆಳಗೆ ಮಿಲ್ಲು ಗುಡುಗುತ್ತಿತ್ತು. ಮೂವರೂ ಕೈಕಟ್ಟಿ, ತಿರುಗುವ ಪ್ಲೇಟನ್ನು ಭಕ್ತಿಯಿಂದ ನೋಡುತ್ತಾ ಕೂತರು, ಒಂದಕ್ಷರ ಕೇಳದೆ. ನಾನು ಬಾಗಿಲಲ್ಲಿ ಚಾ ಇಟ್ಟು ಬಂದೆ.

ಪ್ಲೇಟು ಕಡಬದವನ ಜೊತೆ ಬಸ್ಸು ಹತ್ತಿತು. ಸಂಜೆ ಅಣ್ಣ ಮತ್ತು ಅಧ್ಯಕ್ಷ ಕ್ಯಾಸೆಟ್ ಹಾಕಿದರು. ನಾನು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದೆ.

ಆ ಸ್ವರ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ದಪ್ಪ ಸ್ವರ. ಹೆಂಗಸಿನದೇ, ಆದರೆ ನನ್ನ ಸ್ವರದ ಹಾಗೆ ಕೆಳಗೆ ಇಳಿದು, ಅವಸರವಿಲ್ಲದೆ, ಯಾರ ಹಂಗೂ ಇಲ್ಲದೆ ಹಾಡುವ ಸ್ವರ. ಒಳಗೆ ಅಧ್ಯಕ್ಷ ಎರಡೂ ಬದಿ ಮುಗಿಯುವ ತನಕ ಕಾದ, ಅದೇ ಒಂದು ಪವಾಡ. ಆಮೇಲೆ ತೀರ್ಪು ಬಂತು. ಅವಳ ಸ್ವರ ಮಾಗಿದೆ. ಹಿಂದೆ ಚುರುಕಾಗಿ ಹಾಡುತ್ತಿದ್ದವಳು ಈಗ ದುಃಖದ ತಳ ಮುಟ್ಟಿದ್ದಾಳೆ. ತೆಳು ಸ್ವರದ ಕಿರಿಚಾಟ ಜನಸಾಮಾನ್ಯರಿಗೆ, ಈ ಆಳ ಕೆಲವರಿಗೆ ಮಾತ್ರ. ಅಣ್ಣ ಹೌದು ಹೌದು ಎಂದ. ನಾನು ಹೊರಗೆ ನಿಂತು ಮೊದಲ ಸಲ ಅಧ್ಯಕ್ಷನ ಮಾತು ಒಪ್ಪಿದೆ. ದಪ್ಪ ಸ್ವರದ ಹೆಣ್ಣಿಗೆ ಗಂಡಸರು ಹೀಗೆ ಕೈಮುಗಿಯುವ ಲೋಕ ಎಲ್ಲೋ ಉಂಟಲ್ಲ ಎಂದು ಅಳು ಬಂತು.

ಅವರು ಇಲ್ಲದಾಗ ಆ ಕ್ಯಾಸೆಟ್ ನನ್ನದಾಯಿತು. ಕಾಲೇಜಿನಿಂದ ಬಂದು, ಮಿಲ್ಲು ನಡೆಯುತ್ತಿರುವಾಗಲೇ ಟೇಪನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಮತ್ತೆ ಅದೇ ಗದ್ದಲದಲ್ಲಿ ಗಂಟಲು ಬಿಟ್ಟು ಹಾಡುತ್ತಿದ್ದೆ. ಹಾಡಿದ್ದು ಪಕ್ಕದ ಕೋಣೆಯಲ್ಲಿದ್ದ ಅಮ್ಮನಿಗೂ ಕೇಳುತ್ತಿರಲಿಲ್ಲ. ಇಂಗ್ಲಿಷಿನ ಅರ್ಧ ಶಬ್ದ ನನಗೆ ತಿಳಿಯುತ್ತಿರಲಿಲ್ಲ, ಅಧ್ಯಕ್ಷನಿಗೂ ತಿಳಿಯುತ್ತಿರಲಿಲ್ಲ ಎಂಬುದು ಒಂದು ಸಮಾಧಾನ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಅದರ ಒಂದು ಹಾಡು ನನಗೆ ನೀರು ಕುಡಿದ ಹಾಗೆ ಬರುತ್ತಿತ್ತು. ಕಾಲೇಜ್ ಡೇಗೆ ಹೆಸರು ಕೊಟ್ಟೆ. ಇಂಗ್ಲಿಷ್ ಹಾಡು ಎಂದದ್ದಕ್ಕೆ ಯಾರೂ ಬೇಡ ಎನ್ನಲಿಲ್ಲ. ಕೇಳಿ ತಪ್ಪು ಹಿಡಿಯುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣನಿಗೆ ಹೇಳಿದಾಗ ಅವನು ಹುಬ್ಬೇರಿಸಿದ, ಆದರೆ ಅಧ್ಯಕ್ಷನೂ ಕೇಳಲಿಕ್ಕೆ ಬರುತ್ತಾನೆ ಎಂದ. ಸಂಘದ ದೇವರು ಸುಳ್ಯದ ಸ್ಟೇಜು ಹತ್ತುವುದು ಅವರಿಗೂ ಒಂದು ಗೌರವ ತಾನೆ.

ಕಾಲೇಜ್ ಡೇಗೆ ಒಂದು ವಾರ ಇರುವಾಗ ಅಧ್ಯಕ್ಷ ಮುಖ ಸಪ್ಪೆ ಮಾಡಿಕೊಂಡು, ಕಡಬದವನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಮಂಗಳೂರಿನಲ್ಲಿ ಸಿಕ್ಕಿದ ಕ್ಯಾಸೆಟ್ಟು, ಗಲ್ಫಿನಿಂದ ಬಂದದ್ದು. ಅದೇ ಹೆಂಗಸು, ಅದೇ ಸಿಂಡರಿಸಿದ ಮುಖ, ಅದೇ ಹಾಡುಗಳು. ಹಾಕಿದರು. ಸ್ವರ ತೆಳು, ಹಾಡು ಚುರುಕು. ಶಾಲೆಯ ಭಜನೆಯಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವ ಹುಡುಗಿಯರ ಸ್ವರವೇ ಅದು. ಅಧ್ಯಕ್ಷ ಆಗಲೇ ಬಸ್ಸಿನಲ್ಲಿ ತೀರ್ಪು ತಯಾರು ಮಾಡಿಕೊಂಡಿದ್ದ. ಅವಳು ದೊಡ್ಡ ಕಂಪೆನಿಗೆ ಮಾರಿಕೊಂಡಿದ್ದಾಳೆ, ಅಂಗಡಿಗಾಗಿ ಎಲ್ಲ ಹಾಡನ್ನೂ ಪುನಃ ಓಡಿಸಿ ಹಾಡಿದ್ದಾಳೆ. ನಮ್ಮಲ್ಲಿರುವುದು ಮೊದಲಿನ, ಶುದ್ಧವಾದದ್ದು. ಕಡಬದವನು ಮಾತ್ರ ಎರಡನ್ನೂ ಮತ್ತೆ ಮತ್ತೆ ಕೇಳಿ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಎರಡರಲ್ಲೂ ಒಂದೇ ಉಂಟಲ್ಲ ಎಂದು ಮೆಲ್ಲಗೆ ಹೇಳಿದ. ಅವನ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನಾನು ಹಾಕಿಕೊಂಡೆ. ಮರುದಿನ ಮಿಲ್ಲು ಚಾಲೂ ಆಗಿ ಬಲ್ಬು ಕೆಂಪಗಾದಾಗ ಮೆಲ್ಲಗಾಗುವ ಫ್ಯಾನನ್ನು ನೋಡಿದೆ. ಅಮ್ಮನ ಭಜನೆಯ ಪ್ಲೇಟು ತೆಗೆದು ಹಾಕಿದೆ, ಸ್ಪೀಕರಿಗೆ ಕಿವಿ ಇಟ್ಟೆ. ದಿನಾ ಸಂಜೆ ಕೊಳಲಿನ ಹಾಗೆ ಹಾಡುತ್ತಿದ್ದ ಆ ಪ್ಲೇಟಿನ ತಾಯಿ ದಪ್ಪ ಸ್ವರದಲ್ಲಿ, ಎಳೆದು ಎಳೆದು, ದುಃಖದ ತಳ ಮುಟ್ಟಿ ಹಾಡುತ್ತಿದ್ದರು. ಮಿಲ್ಲು ಕರೆಂಟು ಎಳೆದುಕೊಂಡು ಫ್ಯಾನು ಮೆಲ್ಲಗಾದ ಹಾಗೆ ಪ್ಲೇಟೂ ಮೆಲ್ಲಗಾಗಿತ್ತು. ಸೆಲ್ಲಿನ ಟೇಪು ಮಾತ್ರ ಸರಿಯಾದ ವೇಗದಲ್ಲೇ ಓಡಿ ಅದನ್ನು ಹಾಗೆಯೇ ಹಿಡಿದಿಟ್ಟಿತ್ತು. ಸುಳ್ಯದ ಕರೆಂಟನ್ನು ನಂಬದವರ ಜಾಗ್ರತೆಯೇ ಇದನ್ನು ಮಾಡಿದ್ದು. ನಾನು ನಗಬೇಕಿತ್ತು. ನೆಲದ ಮೇಲೆ ಕೂತು ಅತ್ತೆ. ನನ್ನ ಹಾಗೆ ಹಾಡುವ ಒಬ್ಬಳು ಲೋಕದಲ್ಲಿ ಇದ್ದಾಳೆ ಎಂದುಕೊಂಡು ಅಷ್ಟು ತಿಂಗಳು ಬದುಕಿದ್ದೆ. ಅಂಥವಳು ಇರಲೇ ಇಲ್ಲ. ಇದ್ದದ್ದು ನಮ್ಮ ಮಿಲ್ಲಿನ ಮೋಟಾರು.

ಭಾನುವಾರ ಮೂವರೂ ಬಂದಾಗ ಒಳಗೆ ಹೋಗಿ, ಹೌದು, ಸಂಘ ಸೇರಿರುವಾಗ ಮೊದಲ ಸಲ ಬಾಗಿಲು ದಾಟಿ, ಕೆಳಗೆ ಮಿಲ್ಲು ನಡೆಯುತ್ತಿರುವಾಗಲೇ ಭಜನೆಯ ಪ್ಲೇಟು ಹಾಕಿ ತೋರಿಸಿದೆ. ಫಿಸಿಕ್ಸಿನ ಅಣ್ಣ ಬಲ್ಬನ್ನು ನೋಡಿದ, ಫ್ಯಾನನ್ನು ನೋಡಿದ, ಆಮೇಲೆ ಕೆಳಗೆ ಓಡಿ ಅಪ್ಪನ ಮೇಲೆ ಹಾರಾಡಿದ. ನಿಮ್ಮ ಮಿಲ್ಲಿನಿಂದ ಆ ಹೆಂಗಸಿನ ಸ್ವರ ಹಾಳಾಯಿತು ಎಂದು. ಅಪ್ಪನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕೆಮ್ಮು ಬರುವ ತನಕ ನಕ್ಕರು. ಇಲ್ಲಿ ಅಕ್ಕಿ ಮೆಣಸು ಮಾತ್ರ ಹುಡಿ ಮಾಡುತ್ತೇನೆ ಎಂದುಕೊಂಡಿದ್ದೆ, ಇಂಗ್ಲೆಂಡಿನವರನ್ನೂ ಮಾಡುತ್ತೇನಾ ಎಂದರು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದಕ್ಕೆ ಅಧ್ಯಕ್ಷನೇ ಸಾಕ್ಷಿ. ಅವಳು ಹಾಡಬೇಕಾಗಿದ್ದದ್ದು ಹಾಗೆ, ಹಾಡಿಲ್ಲದಿದ್ದರೆ ತಪ್ಪು ಅವಳದು ಎಂದ. ಆದರೆ ಮರುಕ್ಷಣವೇ ನನ್ನ ಕಡೆ ತಿರುಗಿ, ಕಾಲೇಜ್ ಡೇಗೆ ಆ ಹಾಡು ಬೇಡ ಎಂದ. ಮಂಗಳೂರಿನ ಕ್ಯಾಸೆಟ್ ಈಗ ಎಲ್ಲರ ಕೈಯಲ್ಲಿ ಇರಬಹುದು, ಮಾನ ಹೋಗುತ್ತದೆ. ಅವನ ಮಾನ. ಅಣ್ಣನೂ ಅದನ್ನೇ ಹೇಳಿದ.

"ಹೆಸರು ತೆಗೆಸು ಮಾರಾಯ್ತಿ. ಹಾಗೆ ಹಾಡುವ ಹೆಂಗಸು ಲೋಕದಲ್ಲೇ ಇಲ್ಲ ಅಂತ ಗೊತ್ತಾಯ್ತಲ್ಲ."

"ನಾನು ಇದ್ದೇನಲ್ಲ," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಕಡಬದವನು ತಲೆ ಎತ್ತಿ ನೋಡಿದ, ಉಳಿದವರು ಚಾ ಕೇಳಿದರು.

ಕಾಲೇಜ್ ಡೇ ಮಧ್ಯಾಹ್ನ. ಹೆಸರು ಕರೆದರು. ಅಮ್ಮನ ಸೀರೆ ಉಟ್ಟು ಸ್ಟೇಜಿಗೆ ಹೋದೆ. ಆಗ ನನಗೆ ತಿಳಿದ ಮೊದಲ ವಿಷಯವೆಂದರೆ, ನಾನು ಒಂದು ದಿನವೂ ಮಿಲ್ಲಿನ ಸದ್ದಿಲ್ಲದೆ ಹಾಡಿರಲಿಲ್ಲ. ಮೊದಲ ಸಾಲು ಹಾಡಿದೆ. ಮೈಕಿನಿಂದ ಅದು ಹಾಲಿಡೀ ತುಂಬಿತು, ಹಿಂದಿನಿಂದ ಯಾರೋ, "ಅಣ್ಣಾ, ಸೀರೆ ಚಂದ ಉಂಟು," ಎಂದು ಕೂಗಿದ. ನಗು ಎದ್ದಿತು. ಲೆಕ್ಚರರುಗಳೂ ನಕ್ಕರು, ಕರ್ಚೀಫಿನ ಹಿಂದೆ. ಅಧ್ಯಕ್ಷ ಮುಂದಿನ ಸಾಲಿನಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ, ಹಾಡು ಮುಗಿಯುವ ತನಕವೂ ಅದು ಕಟ್ಟಿ ಆಗಲಿಲ್ಲ. ಸ್ವರವನ್ನು ಸಣ್ಣ ಮಾಡುವ ಎಂದು ಒಂದು ಗಳಿಗೆ ಅನಿಸಿತು. ಮಾಡಲು ಹೋದರೆ ಅದು ಬರಲೇ ಇಲ್ಲ, ಬರುವುದು ಇದೊಂದೇ. ಹಾಳಾಗಿ ಹೋಗಲಿ ಎಂದು ಕಣ್ಣು ಮುಚ್ಚಿ, ಮಿಲ್ಲಿನ ಮೇಲೆ ಹಾಡುವ ಹಾಗೆಯೇ ಪೂರ್ತಿ ಬಿಟ್ಟು ಹಾಡಿದೆ. ಎರಡನೆಯ ಚರಣಕ್ಕೆ ನಗು ನಿಂತಿತ್ತು. ಮೆಚ್ಚಿ ನಿಲ್ಲಿಸಿದರೋ ಸುಸ್ತಾಗಿ ನಿಲ್ಲಿಸಿದರೋ, ಇಂದಿಗೂ ಗೊತ್ತಿಲ್ಲ. ಚಪ್ಪಾಳೆ ಬಿತ್ತು, ಆದರೆ ಅದು ಎಲ್ಲರಿಗೂ ಬೀಳುತ್ತದೆ.

ಕೆಳಗಿಳಿದು ಬಂದಾಗ ಗೇಟಿನ ಹತ್ತಿರ ಸಂಘದ ಇಬ್ಬರು ನಿಂತಿದ್ದರು. ನನ್ನ ಹಾಡಿನ ವಿಷಯ ಎತ್ತಲಿಲ್ಲ. ಅಮೇರಿಕದಲ್ಲಿ ಯಾರೋ ಒಬ್ಬನ ಹೊಸ ಪ್ಲೇಟು ಮುಂದಿನ ವರ್ಷ ಬರಲಿದೆಯಂತೆ, ಅದರ ಎರಡನೆಯ ಬದಿ ಬಹಳ ಗಂಭೀರ ಎಂದು ಅಧ್ಯಕ್ಷ ಅಣ್ಣನಿಗೆ ವಿವರಿಸುತ್ತಿದ್ದ.

ಅವರ ಹಿಂದೆ, ಕಂಪೌಂಡಿನ ಗೋಡೆಗೆ ಒರಗಿ ಅಪ್ಪ ನಿಂತಿದ್ದರು. ರೆಪ್ಪೆಯ ಮೇಲೆ, ಕಿವಿಯ ಮೇಲೆ ಹಿಟ್ಟು ಹಾಗೆಯೇ ಇತ್ತು. ಅದು ಮಿಲ್ಲಿಗೆ ಜನ ಬರುವ ಹೊತ್ತು. ನಾನು ಹತ್ತಿರ ಹೋಗಿ, ಮಿಲ್ಲಿನಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ, ನಿಲ್ಲಿಸಿ ಬಂದೆ ಎಂದರು. ಒಟ್ಟಿಗೆ ನಡೆದೆವು. ಮನೆಯ ಮೆಟ್ಟಿಲ ಬಳಿ ಮೂರು ನಾಲ್ಕು ಮಂದಿ ಅಕ್ಕಿಯ ಚೀಲ ಹಿಡಿದು ಬೈಯುತ್ತಾ ನಿಂತಿದ್ದರು. ಅಪ್ಪ ಮಿಲ್ಲಿನ ಬೀಗಕ್ಕೆ ಕೀ ಹಾಕಿ, ಬಾಗಿಲು ತೆರೆಯುವ ಮೊದಲು ನನ್ನ ಕಡೆ ತಿರುಗಿದರು.

"ಮಿಲ್ಲು ನಿಲ್ಲಿಸಿದ್ರೂ ನಿನ್ನ ಸ್ವರ ದಪ್ಪವೇ ಉಂಟಲ್ಲ ಮಗಾ," ಎಂದರು.